ಸ್ಥಾವರದ ಚಲನೆ

ಸವದತ್ತಿ ಸೀಮೆಯ ಜನರ ಪಾಲಿಗೆ ನವಿಲುತೀರ್ಥದ ಅಣೆಕಟ್ಟು ಸ್ಥಾವರವೆಂಬ ಮಾತಿಗೆ ನಿದರ್ಶನವೇ ಆಗಿದೆ. ಗುಡ್ಡಗಳ ನಡುವಣ ಕಂಡಿಯಲ್ಲಿ ಮಲಪ್ರಭೆಯನ್ನು ತಡೆದಿರುವ ಆ ಗೋಡೆ ಸಮುದ್ರಮಟ್ಟದಿಂದ 2079.50 ಅಡಿಯವರೆಗೆ ನೀರನ್ನು ಹಿಡಿದು ನಿಲ್ಲುತ್ತದೆ. ಆದರೆ ನೀರು ತುಂಬಿದಾಗ ಇಂತಹ ಅಣೆಕಟ್ಟುಗಳ ನೆತ್ತಿ ಮಿಲಿಮೀಟರುಗಳ ಲೆಕ್ಕದಲ್ಲಿ ಮುಂದಕ್ಕೆ ಬಾಗುತ್ತದೆ, ನೀರಿಳಿದಾಗ ಹಿಂದಿರುಗುತ್ತದೆ. ತಳದ ನೆಲವೂ ಭಾರಕ್ಕೆ ತುಸು ಕುಸಿಯುತ್ತದೆ. ಇದು ದೋಷವಲ್ಲ, ಸ್ವಭಾವ. ಬಾಗಿದ್ದು ಎಂದಿನಂತೆ ಹಿಂದಿರುಗದಿದ್ದರೆ ಮಾತ್ರ ಚಿಂತಿಸಬೇಕು. ಎಂದಿನದನ್ನು ಅಳೆದಿಟ್ಟವರಿಗಷ್ಟೇ ಆ ವ್ಯತ್ಯಾಸ ತಿಳಿದೀತು.

ಬರಿಗಣ್ಣಿಗೆ ಎಟುಕದ ಈ ಚಲನೆಯನ್ನು ಬೆಳಕು ಹಿಡಿದುಕೊಡುತ್ತದೆ. ದೂರದ ಗಟ್ಟಿ ಬಂಡೆಯ ಮೇಲೆ ಕಂಬ ನಿಲ್ಲಿಸಿ, ಅದರ ಮೇಲೆ ಥಿಯೋಡೊಲೈಟನ್ನು ಇಟ್ಟು, ಅಣೆಕಟ್ಟಿನ ಮೈಮೇಲಿನ ಗುರುತನ್ನು ನೋಡುವುದು ಹಳೆಯ ಕ್ರಮ. ಪಂಚಾಂಗದವರ ಅಂಶ, ಕಲೆ, ವಿಕಲೆಗಳೇ ಇಲ್ಲಿಯೂ ಅಳತೆ. ಒಂದು ಕಿಲೋಮೀಟರ್ ದೂರದಲ್ಲಿ ಒಂದು ವಿಕಲೆಯೆಂದರೆ ಸುಮಾರು 5 ಮಿಲಿಮೀಟರ್!

1967ರ ಡಿಸೆಂಬರ್ 11ರ ಭೂಕಂಪದಲ್ಲಿ ಕೊಯ್ನಾ ಅಣೆಕಟ್ಟು ಬಿರುಕುಬಿಟ್ಟಿತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳಿಗೆ ಮಾಪನೋಪಕರಣಗಳನ್ನು ಕಡ್ಡಾಯಗೊಳಿಸಿದೆ. ಆದರೆ ಉಪಕರಣ ಬಂದರೆ ಸಾಲದು. ಅದೇ ಕಂಬದಿಂದ ಅದೇ ಗುರುತನ್ನು ಮತ್ತೆ ಮತ್ತೆ ನೋಡಿ, ಕಂಡದ್ದನ್ನು ಕಂಡಂತೆ ಬರೆದಿಡುವ ಜನ ಬೇಕು. ಆ ಶಿಸ್ತು ಶಾಲೆಯಲ್ಲಿಯೇ ಮೊಳೆಯಬೇಕು.

ಅದಕ್ಕೆ ಬೆಲೆಬಾಳುವ ಯಂತ್ರವೇನೂ ಬೇಡ. ಗೋಡೆಗೆ ಅಂಟಿಸಿದ ಬೆರಳಗಲದ ಕನ್ನಡಿ, ಯಾರ ಕಣ್ಣಿಗೂ ಬೀಳದಂತೆ ಇರಿಸಿದ ಸಣ್ಣ ಲೇಸರ್ ದೀಪ, 10 ಮೀಟರ್ ಆಚೆ ಒಂದು ಅಳತೆಪಟ್ಟಿ ಇದ್ದರೆ ಸಾಕು. ಕನ್ನಡಿ ವಾಲಿದ ಕೋನದ ಇಮ್ಮಡಿಯಷ್ಟು ಕಿರಣ ತಿರುಗುವುದರಿಂದ, ಮೀಟರಿಗೆ ಒಂದು ಮಿಲಿಮೀಟರ್ ವಾಲಿದ ಗೋಡೆ ಪಟ್ಟಿಯ ಮೇಲೆ 20 ಮಿಲಿಮೀಟರಾಗಿ ಕಾಣುತ್ತದೆ. ಎರೆಭೂಮಿಯ ಊರುಗಳಲ್ಲಿ ಪರೀಕ್ಷೆಗೆ ಗೋಡೆ ಹುಡುಕಬೇಕಾಗಿಯೂ ಇಲ್ಲ: ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣು ತನ್ನ ಮೇಲಿನ ಮನೆಗಳನ್ನು ವರ್ಷವರ್ಷವೂ ಅಲುಗಿಸುತ್ತದೆ.

ದಾನಿಗಳು ಕೊಠಡಿ ಕಟ್ಟಿಸುತ್ತಾರೆ, ಬಾಗಿಲ ಮೇಲೆ ಹೆಸರಿನ ಕಲ್ಲು ಕೂರುತ್ತದೆ. ಅದು ಶ್ಲಾಘ್ಯವೇ. ಪ್ರಯೋಗಶಾಲೆಯ ಕಪಾಟಿಗೆ ಕಲ್ಲು ಹಿಡಿಸದೆಂದೋ ಏನೋ, ಅದರ ಕಡೆ ಔದಾರ್ಯ ಅಷ್ಟಾಗಿ ಹರಿಯುವುದಿಲ್ಲ. ನೀರಾವರಿ, ಸರ್ವೆ ಇಲಾಖೆಗಳಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳು ಒಂದು ಹಳೆಯ ಥಿಯೋಡೊಲೈಟನ್ನು ಶಾಲೆಗೆ ಕೊಡಿಸಿ, ವರ್ಷಕ್ಕೊಂದು ದಿನ ಬಂದು, ಮುಕ್ಕಾಲಿಯ ಮೇಲೆ ಅದರ ಮಟ್ಟ ಹಿಡಿಯುವುದನ್ನು ಎಂಟನೆಯ ತರಗತಿಯವರಿಗೆ ತೋರಿಸಲಿ. ಮರುತಿಂಗಳ ಅಳತೆಯನ್ನು ಮಕ್ಕಳೇ ಬರೆದುಕೊಳ್ಳಬಲ್ಲರು.