ಇಸುಬು, ಉಬ್ಬಸ ಮತ್ತು ನಮ್ಮತ್ತೆಯ ಊದುಬತ್ತಿ

ಮೊನ್ನೆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ತನ್ನ ಏಳು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೂಸಿನ ಎರಡೂ ಕೆನ್ನೆ ಕೆಂಪಗೆ, ಒರಟೊರಟಾಗಿ, ಅಲ್ಲಲ್ಲಿ ನೀರೊಸರುತ್ತಾ... ಪಾಪ, ಅಮ್ಮನ ಹೆಗಲಿಗೆ ಮುಖ ಉಜ್ಜಿಕೊಳ್ಳುತ್ತಲೇ ಇತ್ತು. ಅವಳ ಇನ್ನೊಂದು ಕೈಯಲ್ಲಿ ಪುಟ್ಟ ಬಿಳಿ ಡಬ್ಬಿ. ಅದರ ಮೇಲೆ ಹೆಸರಿಲ್ಲ, ಒಳಗೇನಿದೆ ಅಂತ ಬರೆದಿಲ್ಲ, ಒಂದು ಹಸಿರೆಲೆಯ ಚಿತ್ರ ಮಾತ್ರ.

"ಪೂರ್ತಿ ನ್ಯಾಚುರಲ್ ಅಂತೆ ಅಕ್ಕ. ಮೂರೇ ದಿನಕ್ಕೆ ಮಾಯ ಆಗತ್ತಂತೆ. ಹಚ್ಚಲಾ?"

ನನ್ನ ಎದೆ ಝಲ್ಲೆಂದಿತು. ಮೂರೇ ದಿನಕ್ಕೆ ಮಾಯವಾಗುವುದು ಅಂದರೆ ಏನು ಅಂತ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಕಾಫಿ ಮಾಡಿಕೊಂಡು ಕೂತುಕೊಳ್ಳಿ :-)

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಇಸುಬು, ಉಬ್ಬಸ ಎರಡೂ ಇರುವ ಮಗಳ ಅಮ್ಮ, ಅಷ್ಟೇ. ಮನೆಮದ್ದಿನ ವಿರೋಧಿಯೂ ಅಲ್ಲ, ನೆಗಡಿಯಾದರೆ ನಮ್ಮನೆಯಲ್ಲಿ ಇಂದಿಗೂ ಮೆಣಸಿನ ಸಾರೇ. ಆದರೆ ಹದಿನಾರು ವರ್ಷ ಇವೆರಡರ ಜೊತೆ ಸಂಸಾರ ಮಾಡಿದ ಮೇಲೆ ನನ್ನದೊಂದು ಅಭಿಪ್ರಾಯ ಗಟ್ಟಿಯಾಗಿದೆ. ಈ ಕಾಯಿಲೆಗಳಿಗೆ ನಮ್ಮ ಕೈಲಾಗುವ ಒಳ್ಳೆಯ "ನೈಸರ್ಗಿಕ" ಉಪಾಯಗಳೆಲ್ಲ ಬಹುಪಾಲು ಮನೆಯಿಂದ ಏನನ್ನಾದರೂ ತೆಗೆದುಹಾಕುವಂಥವು. ಹೊಸದಾಗಿ ಏನನ್ನೋ ನೆಕ್ಕಿಸುತ್ತೇವೆ, ನುಂಗಿಸುತ್ತೇವೆ, ಡಾಕ್ಟರ ಔಷಧಿ ಬಿಟ್ಟುಬಿಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪುಟ್ಟಿಗೆ (ಇಲ್ಲಿ ಈ ಹೆಸರೇ ಇರಲಿ) ನಾಲ್ಕನೇ ತಿಂಗಳಿಗೆ ಕೆನ್ನೆಯಲ್ಲಿ ಶುರುವಾಯಿತು. ವರ್ಷ ತುಂಬುವಷ್ಟರಲ್ಲಿ ಮೊಣಕೈ ಮಡಿಕೆಗೆ, ಮೊಣಕಾಲ ಹಿಂದಕ್ಕೆ ಬಂತು. ರಾತ್ರಿಯೆಲ್ಲ ಕೆರೆತ, ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ. ನೋಡಿದವರೆಲ್ಲ "ರಕ್ತ ಕೆಟ್ಟಿದೆ", "ನಂಜು", "ಬಸುರೀಲಿ ಬದನೆಕಾಯಿ ತಿಂದಿದ್ಯಾ?" ಅಂತ ಕೇಳುವವರೇ. (ತಿಂದಿದ್ದೆ. ಎಣ್ಣೆಗಾಯಿ. ತುಂಬಾ ಚೆನ್ನಾಗಿತ್ತು.)

ರಕ್ತಕ್ಕೆ ಏನೂ ಆಗಿರಲಿಲ್ಲ. ಸಡಿಲವಾಗಿದ್ದದ್ದು ಚರ್ಮದ ಗೋಡೆ. ಚರ್ಮದ ಹೊರಪದರವನ್ನು ಬಿಗಿಯಾಗಿಡಲು ಫಿಲಾಗ್ರಿನ್ ಎಂಬ ಪ್ರೋಟೀನ್ ಬೇಕು. ಅದರ ಜೀನಿನಲ್ಲಿ ದೋಷವಿದ್ದರೆ ಇಸುಬು ಬರುವ ಸಾಧ್ಯತೆ ಹೆಚ್ಚು ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ತೋರಿಸಿತು. ಎಲ್ಲ ಮಕ್ಕಳಿಗೂ ಅದೇ ಕಾರಣವಲ್ಲ, ಆದರೆ ಕಥೆ ಅರ್ಥವಾಗುತ್ತದೆ. ಗಾರೆ ಉದುರಿದ ಗೋಡೆಯ ಹಾಗೆ, ಒಳಗಿನ ತೇವ ಹೊರಗೆ ಹೋಗುತ್ತೆ, ಹೊರಗಿನ ಸೋಪು, ಧೂಳು ಎಲ್ಲಾ ಒಳಗೆ ಬರುತ್ತೆ.

ಈಗ ನಾವು ಕೂಸಿಗೆ ನೀರು ಹಾಕುವ ಪದ್ಧತಿ ನೋಡಿ. ಕಾಲ ಮೇಲೆ ಮಲಗಿಸಿಕೊಂಡು, ಮೈ ಕೆಂಪಾಗುವಷ್ಟು ಬಿಸಿ ನೀರು ಹುಯ್ದು, ಕಡಲೆಹಿಟ್ಟು ಹಾಕಿ ತಿಕ್ಕಿ, ಕೊನೆಗೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಆ ಹೊಗೆಯಲ್ಲಿ ತಲೆ ಆರಿಸುವುದು. ಗಟ್ಟಿ ಚರ್ಮದ ಕೂಸುಗಳು ಇದನ್ನೆಲ್ಲ ತಡೆದುಕೊಂಡು ಸುಖವಾಗಿ ನಿದ್ದೆ ಹೋಗುತ್ತವೆ. ನಮ್ಮ ಪುಟ್ಟಿಗೆ ಅದು ದಿನಾ ಬೆಳಿಗ್ಗೆಯ ಶಿಕ್ಷೆಯಾಗಿತ್ತು ಅಂತ ನನಗೆ ಹೊಳೆಯಲು ಆರು ತಿಂಗಳು ಬೇಕಾಯಿತು. ಒಡೆದ ಚರ್ಮಕ್ಕೆ ತಿನ್ನುವ ಹಿಟ್ಟು ತಿಕ್ಕುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಕಡಲೆಕಾಯಿ ಎಣ್ಣೆ ಬೆರೆಸಿದ ಕ್ರೀಮುಗಳನ್ನು ಕೂಸಿನ ಗಂದೆಗೆ ಹಚ್ಚಿದ್ದಕ್ಕೂ ಮುಂದೆ ಕಡಲೆಕಾಯಿ ಅಲರ್ಜಿ ಬರುವುದಕ್ಕೂ ನಂಟು ಕಂಡಿದೆ ಅಂತ 2003ರಲ್ಲೇ ಬ್ರಿಟನ್ನಿನ ಮಕ್ಕಳ ಅಧ್ಯಯನವೊಂದು ಹೇಳಿತ್ತು. ಹೊಟ್ಟೆಯ ದಾರಿಯಲ್ಲಿ ಹೋದರೆ ನೆಂಟ, ಚರ್ಮದ ಬಿರುಕಿನಲ್ಲಿ ನುಗ್ಗಿದರೆ ಕಳ್ಳ ಅಂತ ಮೈ ತಿಳಿದುಕೊಳ್ಳುತ್ತದೆ. ಕಡಲೆಹಿಟ್ಟನ್ನು ಅವತ್ತೇ ಬಜ್ಜಿಗೆ ವಾಪಸ್ ಕಳಿಸಿದೆ.

ಆಮೇಲೆ ನಾವು ಮಾಡಿದ್ದು ತೀರಾ ಸಾಮಾನ್ಯ. ಉಗುರುಬೆಚ್ಚಗಿನ ನೀರು, ಐದು ಹತ್ತು ನಿಮಿಷ, ಕಂಕುಳು ತೊಡೆಸಂದಿಗೆ ಮಾತ್ರ ಮೆದು ಸೋಪು. ಟವೆಲ್ಲಿನಲ್ಲಿ ಒತ್ತಿ ಒರೆಸಿ, ಮೈ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಮಾಯಿಶ್ಚರೈಸರ್, ಧಾರಾಳವಾಗಿ. ಹಳೆಯ ಹತ್ತಿ ಬಟ್ಟೆ. ಚಿಕ್ಕದಾಗಿ ಕತ್ತರಿಸಿದ ಉಗುರು. ನಮ್ಮತ್ತೆ ಒಂದೇ ಹಠ ಹಿಡಿದಿದ್ದರು, "ಕೊಬ್ಬರಿ ಎಣ್ಣೆ ಹಚ್ಚೇ". ನಾನು ಮೂಗು ಮುರಿದಿದ್ದೆ. ನೋಡಿದರೆ 2014ರಲ್ಲಿ ಫಿಲಿಪ್ಪೀನ್ಸಿನಲ್ಲಿ ಇಸುಬಿದ್ದ 117 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಎಣ್ಣೆಗಿಂತ ಚೆನ್ನಾಗಿ ಕೆಲಸ ಮಾಡಿದೆ! ನಾನು ಸ್ಟೈಲಾಗಿ ತಂದಿಟ್ಟಿದ್ದ ದುಬಾರಿ ಆಲಿವ್ ಎಣ್ಣೆ ಚರ್ಮದ ಗೋಡೆಯನ್ನು ಇನ್ನಷ್ಟು ಸಡಿಲ ಮಾಡುತ್ತದೆ ಅಂತ 2013ರ ಶೆಫೀಲ್ಡ್ ಅಧ್ಯಯನ. ಅತ್ತೆಗೆ ಒಂದು ಪಾಯಿಂಟು, ನನಗೆ ಸೊನ್ನೆ. ಆದರೂ ಇಸುಬು ಕೆರಳಿ ಕೆಂಪಾದಾಗ ಎಣ್ಣೆಯಿಂದ ಇಳಿಯಲಿಲ್ಲ. ಆಗ ಡಾಕ್ಟರ್ ಬರೆದುಕೊಟ್ಟ ಸ್ಟಿರಾಯ್ಡ್ ಮುಲಾಮನ್ನೇ, ಅವರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿದೆವು. ಬೇವಿನೆಲೆ ಅರೆದು ಹಚ್ಚಿದ್ದೂ ಉಂಟು. ಕೂಸು ಉರಿ ಅಂತ ಕಿರುಚಿಕೊಂಡ ಮೇಲೆ ನಿಲ್ಲಿಸಿದೆವು.

ಇಸುಬಿದ್ದ ಮಕ್ಕಳಲ್ಲಿ ಕೆಲವರಿಗೆ ಮುಂದೆ ಉಬ್ಬಸವೂ ಬರುತ್ತದೆ. ಪುಟ್ಟಿಗೆ ಮೂರೂವರೆ ವರ್ಷಕ್ಕೆ ಬಂತು. ಮೊದಲು ಬರೀ ರಾತ್ರಿ ಕೆಮ್ಮು, ಆಮೇಲೆ ಎದೆಯಲ್ಲಿ ಬೆಕ್ಕಿನ ಮರಿ ಕೂತಂಥ ಸದ್ದು. ಬೆಂಗಳೂರಿನಲ್ಲಿ ನಾವೊಬ್ಬರೇ ಅಲ್ಲ ಬಿಡಿ. ಇಲ್ಲಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 20,000 ಮಕ್ಕಳನ್ನು ಗಮನಿಸಿ ಬರೆದ ಪ್ರಕಾರ 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಉಬ್ಬಸ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು! ಅಷ್ಟರಲ್ಲಿ ಮಕ್ಕಳ ವಂಶವಾಹಿ ಬದಲಾಗಲು ಸಾಧ್ಯವಿಲ್ಲ. ಬದಲಾಗಿದ್ದು ಊರು, ಗಾಳಿ, ಮನೆ.

ಡಾಕ್ಟರ್ ದಿನಾ ತೆಗೆದುಕೊಳ್ಳುವ ಇನ್ಹೇಲರ್ ಬರೆದುಕೊಟ್ಟು, "ಮನೆಯನ್ನ ಒಂದು ಸಲ ಪತ್ತೇದಾರರ ಥರ ನೋಡಿ" ಅಂದರು. ನೋಡಿದೆ. ಮಂಚದ ಕೆಳಗೆ ಸೊಳ್ಳೆಬತ್ತಿ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಲೆಕ್ಕವೊಂದಿದೆ. ನಾನು ಅದನ್ನು ಮಗಳ ತಲೆಯ ಹತ್ತಿರ ಹಚ್ಚಿಟ್ಟು, ಕಿಟಕಿ ಹಾಕಿ, "ಜೋಜೋ" ಹಾಡುತ್ತಿದ್ದೆ! ಅವತ್ತಿನಿಂದ ಸೊಳ್ಳೆಪರದೆ. ಹತ್ತಿ ಹಾಸಿಗೆಯಲ್ಲಿ ಧೂಳಿನ ನುಸಿ. ಅವು ನಮ್ಮ ಮೈಯಿಂದ ಉದುರುವ ಹೊಟ್ಟು ತಿಂದು ತೇವದಲ್ಲಿ ಬೆಳೆಯುತ್ತವೆ. ದಿಂಬು ಹಾಸಿಗೆ ಬಿಸಿಲಿಗೆ ಹಾಕುವುದು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯುವುದು ಶುರುವಾಯಿತು. (ಹಾಸಿಗೆ ಬಡಿಯುವಾಗ ಮಗು ಹತ್ತಿರ ಇರಬಾರದು. ನಾನು ಅವಳನ್ನೇ ಕೋಲು ಹಿಡಿಸಿ ಬಡಿಸಿದ್ದೆ, ಆಟ ಅಂತ. ಆ ರಾತ್ರಿ ನಿದ್ದೆಯಿಲ್ಲ.) ಸಿಂಕಿನ ಕೆಳಗೆ ಜಿರಳೆ. ಪಕ್ಕದ ಖಾಲಿ ಸೈಟಿನಲ್ಲಿ ಆಳೆತ್ತರದ ಕಾಂಗ್ರೆಸ್ ಗಿಡ, ಅದು ಮೈಗೂ ಮೂಗಿಗೂ ಶತ್ರು. ನಮ್ಮನೆಯವರು "ನಾನು ಮಹಡಿ ಮೇಲೆ ಹೋಗಿ ಸೇದ್ತೀನಲ್ಲ" ಅನ್ನುತ್ತಿದ್ದ ಸಿಗರೇಟು. ಮತ್ತೆ ದೇವರ ಮನೆಯ ಊದುಬತ್ತಿ.

ಸೊಳ್ಳೆಬತ್ತಿ ಸುಲಭವಾಗಿ ಹೋಯಿತು. ಸಿಗರೇಟು, ಊದುಬತ್ತಿ ಹೋಗಲಿಲ್ಲ. "ಊದುಬತ್ತಿ ಇಲ್ದೆ ಅದೇನು ಪೂಜೆನೇ? ನಿಮ್ಮ ಮಾವ ಹೋದ ಮೇಲೂ ಒಂದಿನ ಬಿಟ್ಟಿಲ್ಲ ನಾನು" ಅಂದರು ಅತ್ತೆ. ನನಗೆ ಮಾತು ಬರಲಿಲ್ಲ.

ಇಲ್ಲಿಂದ ಮುಂದಿನದು ಬರೆಯಲು ಈಗಲೂ ನಾಚಿಕೆ. 2014. ಪುಟ್ಟಿಗೆ ಐದು ವರ್ಷ. "ಇನ್ಹೇಲರ್ ಅಭ್ಯಾಸ ಆಗಿಬಿಡತ್ತೆ, ಅದರಲ್ಲಿ ಸ್ಟಿರಾಯ್ಡ್ ಇರತ್ತೆ, ಹೆಣ್ಣುಮಗು ಬೇರೆ" ಅಂತ ಮದುವೆ ಮನೆಯೊಂದರಲ್ಲಿ ನಾಲ್ಕು ಜನ ಹೆದರಿಸಿದರು. ಒಬ್ಬರು ವಿಳಾಸವನ್ನೂ ಕೊಟ್ಟರು. ಹೋದೆವು. ಕಾಗದದ ಪೊಟ್ಟಣದಲ್ಲಿ ಕಂದು ಪುಡಿ, ಜೇನುತುಪ್ಪದಲ್ಲಿ ದಿನಕ್ಕೆರಡು ಸಲ. "ಬೇರು ನಾರು ಅಷ್ಟೇ ಅಮ್ಮ. ಆದರೆ ಇಂಗ್ಲಿಷ್ ಔಷಧಿ ಪೂರ್ತಿ ನಿಲ್ಲಿಸಬೇಕು." ನಿಲ್ಲಿಸಿದೆ. ನಾನೇ ನಿಲ್ಲಿಸಿದೆ, ಬೇರೆ ಯಾರೂ ಅಲ್ಲ.

ಪವಾಡ! ಒಂದೇ ವಾರಕ್ಕೆ ಕೆಮ್ಮು ಹೋಯಿತು. ಇಸುಬೂ ಹೋಯಿತು, ಮೈ ಬೆಣ್ಣೆಯ ಹಾಗಾಯಿತು. ಊಟ ಕಂಡರೆ ಓಡುತ್ತಿದ್ದವಳು ಮೂರು ಮೂರು ಸಲ ಅನ್ನ ಹಾಕಿಸಿಕೊಂಡಳು. ಕೆನ್ನೆ ತುಂಬಿ ಮುಖ ದುಂಡಗಾಯಿತು. "ಈಗ ನೋಡು ಮಗು ಮೈ ಹಿಡೀತು" ಅಂತ ಅತ್ತೆ ದೃಷ್ಟಿ ತೆಗೆದರು. ನಾನು ಸಿಕ್ಕಸಿಕ್ಕವರಿಗೆಲ್ಲ ಆ ವಿಳಾಸ ಹಂಚಿದೆ. ಹೌದು, ಹಂಚಿದೆ.

ಎರಡೂವರೆ ತಿಂಗಳಾದ ಮೇಲೆ ಪೊಟ್ಟಣ ಮುಗಿಯಿತು. ಹೊಸದು ಬರುವುದು ತಡವಾಯಿತು. ಐದನೇ ದಿನ ಅವಳಿಗೆ ಸಣ್ಣ ನೆಗಡಿ. ಆ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಾಳೆ, ಪ್ರತಿ ಉಸಿರಿಗೂ ಗಂಟಲ ಕುಳಿ, ಪಕ್ಕೆಲುಬಿನ ಸಂದಿ ಒಳಕ್ಕೆ ಎಳೆದುಕೊಳ್ಳುತ್ತಿವೆ. "ಅಮ್ಮ... ನೀರು" ಅನ್ನಲು ಎರಡು ಉಸಿರು ಬೇಕಾಯಿತು. ಎದೆಯಲ್ಲಿ ಸದ್ದೇ ಇಲ್ಲ. ಸದ್ದಿಲ್ಲ, ವಾಸಿ ಅಂದುಕೊಂಡೆ ಒಂದು ಕ್ಷಣ. ಸದ್ದು ಮಾಡುವಷ್ಟೂ ಗಾಳಿ ಆಡುತ್ತಿರಲಿಲ್ಲ ಅಂತ ಆಮೇಲೆ ತಿಳಿಯಿತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಆಕ್ಸಿಜನ್, ನೆಬ್ಯುಲೈಸರ್, ಮೂರು ದಿನ ತೀವ್ರ ನಿಗಾ ಘಟಕ.

ಅವಳ ಮುಖ ನೋಡಿದ ತಕ್ಷಣ ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಯಾವ ಪುಡಿ ಕೊಡ್ತಿದ್ರಿ?" ದುಂಡು ಮುಖ, ಅತಿ ಹಸಿವು, ಎರಡೂ ಕಾಯಿಲೆ ಒಟ್ಟಿಗೇ ಮಾಯವಾದದ್ದು, ಪುಡಿ ನಿಂತ ಕೂಡಲೇ ಕುಸಿದದ್ದು. ಇದು ಸ್ಟಿರಾಯ್ಡ್ ಮಾತ್ರೆ ಪುಡಿ ಮಾಡಿ ಬೆರೆಸಿದ್ದರ ಲಕ್ಷಣ, ಇಂಥವು ನಮಗೆ ಹೊಸದಲ್ಲ ಅಂದರು. ದಿನಾ ನುಂಗುತ್ತಿದ್ದರೆ ಮೈ ತನ್ನದೇ ಸ್ಟಿರಾಯ್ಡ್ ತಯಾರಿಸುವುದನ್ನು ನಿಲ್ಲಿಸುತ್ತದಂತೆ. ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಇನ್ಹೇಲರಿನ ಸ್ಟಿರಾಯ್ಡಿಗೆ ಹೆದರಿ ಮಗಳಿಗೆ ಲೆಕ್ಕವಿಲ್ಲದಷ್ಟು ಸ್ಟಿರಾಯ್ಡನ್ನು ಜೇನಿನಲ್ಲಿ ಕಲಸಿ ತಿನ್ನಿಸಿದ್ದೆ ನಾನು!

ಆ ಹೆದರಿಕೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಉಸಿರಿಗೆ ತಕ್ಷಣ ಆರಾಮ ಕೊಡುವ ಸಾಲ್ಬ್ಯುಟಮಾಲ್ ಇನ್ಹೇಲರಿನಲ್ಲಿ ಒಂದು ಪಫ್ ಅಂದರೆ 100 ಮೈಕ್ರೋಗ್ರಾಂ. ಅದೇ ಔಷಧಿಯ ಸಣ್ಣ ಮಾತ್ರೆ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಫ್‌ನಷ್ಟು. ಸಿರಪ್ಪು ಮಾತ್ರೆ "ಸೌಮ್ಯ", ಇನ್ಹೇಲರ್ "ಸ್ಟ್ರಾಂಗ್" ಅನ್ನುವ ನಮ್ಮ ನಂಬಿಕೆ ತಲೆಕೆಳಗು. ದಿನಾ ಎಳೆದುಕೊಳ್ಳುವ ಸ್ಟಿರಾಯ್ಡಿಗೆ ಬೆಲೆಯೇ ಇಲ್ಲ ಅಂತಲೂ ಅಲ್ಲ. ಅಮೆರಿಕದಲ್ಲಿ ನಾಲ್ಕಾರು ವರ್ಷ ಬ್ಯುಡೆಸೊನೈಡ್ ತೆಗೆದುಕೊಂಡ ಮಕ್ಕಳು ದೊಡ್ಡವರಾದ ಮೇಲೆ ಸರಾಸರಿ 1.2 ಸೆಂಟಿಮೀಟರ್ ಕುಳ್ಳಗಿದ್ದರು ಅಂತ 2012ರಲ್ಲಿ ವರದಿಯಾಯಿತು. ಅರ್ಧ ಇಂಚಿಗೂ ಕಡಿಮೆ. ಆ ರಾತ್ರಿ ಆಟೋದಲ್ಲಿ ಕೂತಿದ್ದಾಗ ಯಾರಾದರೂ ಕೇಳಿದ್ದರೆ ನಾನು ಒಂದಡಿ ಬೇಕಾದರೂ ಕೊಡುತ್ತಿದ್ದೆ.

"ಹಾಗಾದ್ರೆ ಹೈದರಾಬಾದಿನ ಮೀನು?" ಅಂತ ನೀವು ಕೇಳುತ್ತೀರಿ, ಗೊತ್ತು. ಮೃಗಶಿರಾ ಮಳೆ ಹುಟ್ಟುವಾಗ, ಜೂನಿನಲ್ಲಿ, ನಾಂಪಲ್ಲಿ ಮೈದಾನದಲ್ಲಿ ಬತ್ತಿನಿ ಕುಟುಂಬದವರು ಜೀವಂತ ಮೀನಿನ ಮರಿಯ ಬಾಯಲ್ಲಿ ಹಳದಿ ಮದ್ದಿಟ್ಟು ನುಂಗಿಸುತ್ತಾರೆ, ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ನಮ್ಮ ಕಲಬುರ್ಗಿ, ರಾಯಚೂರು ಕಡೆಯಿಂದಲೂ ಜನ ಹೋಗುತ್ತಾರೆ. ಹಣ ಕೇಳುವುದಿಲ್ಲ, ಅದು ದೊಡ್ಡತನವೇ. ಆದರೆ ಉಬ್ಬಸ ತಾನಾಗಿ ಏರಿಳಿಯುವ ಕಾಯಿಲೆ. ಚಿಕ್ಕಂದಿನಲ್ಲಿ ಉಬ್ಬಸಪಟ್ಟ ಎಷ್ಟೋ ಮಕ್ಕಳಿಗೆ ಆರೇಳು ವರ್ಷದ ಹೊತ್ತಿಗೆ ತಾನೇ ಕಡಿಮೆಯಾಗುತ್ತದೆ. ಆಗ ಯಾವ ಮದ್ದು ನಡೆಯುತ್ತಿತ್ತೋ ಅದಕ್ಕೆ ಹಾರ ಬೀಳುತ್ತದೆ. ಹೋಗುವವರು ಹೋಗಲಿ, ಜೇಬಿನಲ್ಲಿ ಇನ್ಹೇಲರ್ ಇಟ್ಟುಕೊಂಡು ಹೋಗಲಿ. ಗಿಡಮೂಲಿಕೆ ಅಂದರೆ ನನಗೆ ತಾತ್ಸಾರವಿಲ್ಲ. ನಮ್ಮ ಬೇಲಿಯ ಆಡುಸೋಗೆಯ ಸಾರದ ಬೆನ್ನು ಹತ್ತಿಯೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಬಂದದ್ದು. ಆದರೆ ಅದರ ಬಾಟಲಿಯ ಮೇಲೆ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ ನೋಡಿ, ಪೊಟ್ಟಣದ ಮೇಲೆ ಅದಿಲ್ಲ.

ಪಥ್ಯದ ಬಗ್ಗೆ ಒಂದೇ ಮಾತು. ಬಾಳೆಹಣ್ಣು, ಮೊಸರು, ಹಾಲು, ಮೊಟ್ಟೆ ಎಲ್ಲಾ ಬಿಡಿಸಿ ಮಕ್ಕಳನ್ನು ಕಡ್ಡಿ ಮಾಡಬೇಡಿ. ತಿಂದ ಸ್ವಲ್ಪ ಹೊತ್ತಿಗೇ ತುಟಿ ಊದಿದರೆ, ಗಂದೆ ಎದ್ದರೆ ಅದು ಬೇರೆ, ತಕ್ಷಣ ತೋರಿಸಿ. ಬರೀ "ಶೀತ" ಅಂತ ಪುಟ್ಟಿಗೆ ಎರಡು ವರ್ಷ ಬಾಳೆಹಣ್ಣು ಕೊಡಲಿಲ್ಲ ನಾವು. ಈಗ ದಿನಕ್ಕೆರಡು ತಿನ್ನುತ್ತಾಳೆ.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ದೇವರ ಮನೆಗೆ ಹೋದರೆ ಊದುಬತ್ತಿಯ ಗೂಡೇ ಖಾಲಿ. ಅತ್ತೆ ಇದ್ದಬದ್ದ ಪೊಟ್ಟಣಗಳನ್ನೆಲ್ಲ ಬೀದಿ ಕೊನೆಯ ಗಣಪತಿ ಗುಡಿಗೆ ಕೊಟ್ಟು ಬಂದಿದ್ದರು. ಆ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ನಮ್ಮನೆಯವರ ಸಿಗರೇಟು ಬಿಡಲು ಇನ್ನೂ ಆರು ತಿಂಗಳು ಹಿಡಿಯಿತು (ಮೂರು ಸಲ ಬಿಟ್ಟರು!). ಪುಟ್ಟಿಗೆ ಈಗ ಹದಿನಾರು. ಚಳಿಗಾಲದಲ್ಲಿ ಮೊಣಕೈ ಮಡಿಕೆ ಈಗಲೂ ಕೆಂಪಾಗುತ್ತದೆ, ಬ್ಯಾಗಿನಲ್ಲಿ ಇನ್ಹೇಲರ್ ಇರುತ್ತದೆ, ಕಾಲೇಜಿನಲ್ಲಿ ಥ್ರೋಬಾಲ್ ಆಡುತ್ತಾಳೆ. ನಾನು ವಿಳಾಸ ಕೊಟ್ಟಿದ್ದ ಏಳು ಮನೆಗಳಿಗೂ ಫೋನ್ ಮಾಡಿ ಹೇಳಿದೆ. ಇಬ್ಬರು ನಂಬಲಿಲ್ಲ.

ಪಕ್ಕದ ಮನೆಯ ಹುಡುಗಿಗೆ ಇದಿಷ್ಟನ್ನೂ ಹೇಳಿ, ಡಬ್ಬಿಯನ್ನು ಹಚ್ಚದೆ ಚರ್ಮದ ಡಾಕ್ಟರಿಗೇ ತೋರಿಸು, ಸೋಮವಾರ ನಾನೂ ಜೊತೆಗೆ ಬರ್ತೀನಿ ಅಂದೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು, "ಅಕ್ಕ, ಕೂಸಿಗೆ ಸಾಂಬ್ರಾಣಿ ಹೊಗೆನೂ ಬಿಡ್ಬೇಕಾ? ನಮ್ಮಮ್ಮ ಬೇಜಾರು ಮಾಡ್ಕೋತಾರೆ."

ಒಳಗಿನಿಂದ ಅತ್ತೆಯ ದನಿ ಬಂತು: "ನಿಮ್ಮಮ್ಮನ್ನ ನನ್ನ ಹತ್ರ ಕಳ್ಸಮ್ಮ, ನಾನು ಮಾತಾಡ್ತೀನಿ."