‘ವಯಸ್ಸಾಯ್ತಲ್ಲ’ ಎಂಬ ರೋಗನಿರ್ಣಯ

ಎಪ್ಪತ್ತು ದಾಟಿದ ಅಜ್ಜಿ ಸುಸ್ತು ಎಂದು ಪರಿಚಯದ ಡಾಕ್ಟರ ಹತ್ತಿರ ಹೋಗುತ್ತಾರೆ. ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ‘ರಕ್ತ ಕಮ್ಮಿ ಇದೆ ಅಜ್ಜಿ, ವಯಸ್ಸಾಯ್ತಲ್ಲ’ ಎಂದು ಕಬ್ಬಿಣದ ಮಾತ್ರೆ, ಒಂದು ಟಾನಿಕ್ಕು ಬರೆದುಕೊಡುತ್ತಾರೆ. ತಿಂಗಳು ಬಿಟ್ಟು ಹೋದರೆ ಮಾತ್ರೆಯ ಬಣ್ಣ ಬದಲಾಗಿರುತ್ತದೆ, ಅಷ್ಟೆ. ಇದ್ದ ರಕ್ತ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಊಟದ ಕೊರತೆಯೂ ಇರಬಹುದು, ನಿಜ. ಆದರೆ ಮುಟ್ಟು ನಿಂತು ಇಪ್ಪತ್ತು ವರ್ಷವಾದ ಮೈಯಿಂದ ಸದ್ದಿಲ್ಲದೆ ರಕ್ತ ಸೋರಲು ಇರುವ ದಾರಿಗಳು ಕೆಲವೇ. ಜಠರ ಮತ್ತು ದೊಡ್ಡ ಕರುಳು ಅವುಗಳಲ್ಲಿ ಮುಖ್ಯ.

ಇಂಥ ಸಮಾಧಾನಗಳು ನಮ್ಮಲ್ಲಿ ಬೇಕಾದಷ್ಟಿವೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬಂದರೆ ‘ಉಷ್ಣ, ಎಳನೀರು ಕುಡೀರಿ’. ಮೂರು ವಾರವಾದರೂ ಮಾಯದ ಬಾಯಿಹುಣ್ಣಿಗೆ ಹಲ್ಲುಸೆಟ್ಟು ತಾಗಿದ್ದೇ ಕಾರಣ. ರಾತ್ರಿ ನಿದ್ದೆಗೆಡಿಸುವ ಬೆನ್ನುನೋವು ಮೂಳೆ ಸವೆತ. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಐವತ್ತು ವರ್ಷ ಹಳೆಯದಾಗಿದ್ದರೂ ನಾಲಿಗೆ ಎತ್ತಿಸಿ ಟಾರ್ಚು ಹಿಡಿಯುವವರು ಕಡಿಮೆ.

ಇವುಗಳಲ್ಲಿ ಒಂದೊಂದೂ ಕ್ಯಾನ್ಸರಿನ ಸುಳಿವಾಗಿರಬಹುದು. ಅದನ್ನು ಹುಡುಕದಿರುವುದು ವೈದ್ಯರೊಬ್ಬರ ಅಸಡ್ಡೆ ಎಂದು ಬಿಡುವಂತಿಲ್ಲ, ವ್ಯವಸ್ಥೆಯೇ ಹಾಗೆ ಯೋಚಿಸುತ್ತದೆ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆಂದು 2016ರಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಇಟ್ಟುಕೊಂಡ ವಯಸ್ಸು 30ರಿಂದ 65. ಇಡೀ ಸಮುದಾಯವನ್ನು ಜರಡಿ ಹಿಡಿಯುವ ಕಾರ್ಯಕ್ರಮಕ್ಕೆ ಎಲ್ಲೋ ಒಂದು ಗೆರೆ ಬೇಕು, ಒಪ್ಪೋಣ. ಆದರೆ ಆ ಗೆರೆಯಾಚೆಗೆ ಉಳಿಯುವ ಕಾವಲು ಊರಿನ ಡಾಕ್ಟರು ಮಾತ್ರ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ. ಆಗ ಐವತ್ತರ ಆಸುಪಾಸಿನಲ್ಲಿದ್ದವರು ಈಗ ಆ ಸಾಲಿಗೆ ಬಂದಿದ್ದಾರೆ. ಮುಂದಿನ ಹತ್ತು ವರ್ಷಗಳಲ್ಲಿ ಆಸ್ಪತ್ರೆಯ ಬಾಗಿಲಿಗೆ ಬರುವವರು ಇವರೇ. ಈಗಿನ ಅಭ್ಯಾಸ ಹೀಗೇ ನಡೆದರೆ, ಬಹಳ ಮಂದಿ ಬರುವುದು ಕರುಳು ಕಟ್ಟಿಕೊಂಡು, ಇಲ್ಲವೇ ಮೂಳೆ ಮುರಿದುಕೊಂಡು.

ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ಶಂಕೆಯ ಕುರಿತ 2015ರ ಮಾರ್ಗಸೂಚಿ ಫ್ಯಾಮಿಲಿ ಡಾಕ್ಟರಿಗೆ ಹೇಳಿದ್ದು ಸರಳ: ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಮೂರರಷ್ಟಿದ್ದರೂ ಸಾಕು, ತಜ್ಞರ ಬಳಿ ಕಳಿಸಿ. ನಮ್ಮಲ್ಲಿ ನೂರಕ್ಕೆ ತೊಂಬತ್ತು ಖಾತ್ರಿಯಾಗುವವರೆಗೂ ಕಾಯುತ್ತೇವೆ. ಕಾರಣವೂ ಇದೆ. ‘ಕಿದ್ವಾಯಿಗೆ ಹೋಗಿ ತೋರಿಸಿ’ ಎಂದರೆ ಸಾಕು, ಅದು ಕ್ಯಾನ್ಸರ್ ಆಸ್ಪತ್ರೆ, ರೋಗದ ಹೆಸರೇ ಹೇಳಬೇಕಿಲ್ಲ. ಮನೆಯಲ್ಲಿ ಅಳು ಶುರು. ಪರೀಕ್ಷೆಗೆಂದು ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ತಪ್ಪು ಭಯ ಬೇರೆ. ಮಗ ಡಾಕ್ಟರನ್ನು ಪಕ್ಕಕ್ಕೆ ಕರೆದು, ‘ಈ ವಯಸ್ಸಲ್ಲಿ ಯಾಕೆ ಸಾರ್ ಹಿಂಸೆ, ಅಪ್ಪನಿಗೆ ಏನೂ ಹೇಳಬೇಡಿ’ ಅನ್ನುತ್ತಾನೆ. ಡಾಕ್ಟರಿಗೂ ಅದು ಸರಿ ಅನ್ನಿಸುತ್ತದೆ. ಹೀಗೆ ಕೋಣೆಯ ಮೂಲೆಯಲ್ಲಿ ಇಬ್ಬರು ಸೇರಿ ಮೂರನೆಯವರ ಆಯಸ್ಸು ತೀರ್ಮಾನಿಸುತ್ತಾರೆ. ಆ ಮೂರನೆಯವರು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ.

ಚಿಕಿತ್ಸೆ ತಡೆದುಕೊಳ್ಳುವ ಶಕ್ತಿ ಇದೆಯೇ ಎಂಬ ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಉತ್ತರ ಆಧಾರ್ ಕಾರ್ಡಿನ ಹುಟ್ಟಿದ ದಿನಾಂಕದಲ್ಲಿ ಸಿಗುವುದಿಲ್ಲ. ವಯಸ್ಸಾದ ಕ್ಯಾನ್ಸರ್ ರೋಗಿಗಳ ಶಕ್ತಿ ಅಳೆಯಲು ಬಳಸುವ ‘ಜಿ8’ ಎಂಬ ಪ್ರಶ್ನಾವಳಿಯಲ್ಲಿ ಇರುವುದು ಎಂಟೇ ಪ್ರಶ್ನೆ: ಊಟ ಸೇರುತ್ತಿದೆಯೇ, ತೂಕ ಇಳಿದಿದೆಯೇ, ಒಬ್ಬರೇ ಓಡಾಡುತ್ತಾರೆಯೇ, ಮರೆವು ಇದೆಯೇ, ದಿನಕ್ಕೆ ಎಷ್ಟು ಬಗೆಯ ಮಾತ್ರೆ... ಒಟ್ಟು 17 ಅಂಕ. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನೂ ವಿವರವಾದ ಪರೀಕ್ಷೆ ಬೇಕೆಂದು ಅರ್ಥ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ವೃದ್ಧ ಕ್ಯಾನ್ಸರ್ ರೋಗಿಗಳಿಗೆಂದೇ 2018ರಲ್ಲಿ ಬೇರೆ ಕ್ಲಿನಿಕ್ ಶುರುವಾಯಿತು. ತಮಾಷೆಯೆಂದರೆ, ಈ ಪ್ರಶ್ನೆಗಳಿಗೆ ದೊಡ್ಡಾಸ್ಪತ್ರೆಗಿಂತ ಚೆನ್ನಾಗಿ ಉತ್ತರ ಗೊತ್ತಿರುವುದು ಇಪ್ಪತ್ತು ವರ್ಷದಿಂದ ಆ ಮನೆಯ ಬಿ.ಪಿ. ನೋಡುತ್ತಿರುವ ಡಾಕ್ಟರಿಗೆ. ಆದರೂ ಅವರು ದೊಡ್ಡಾಸ್ಪತ್ರೆಗೆ ಬರೆದುಕೊಡುವ ಚೀಟಿಯಲ್ಲಿ ಇರುವುದು ‘ಫಾರ್ ಫರ್ದರ್ ಮ್ಯಾನೇಜ್‌ಮೆಂಟ್’ ಎಂಬ ಮೂರು ಪದ, ಒಂದು ಸಹಿ. ತೂಕ ಆರು ತಿಂಗಳಲ್ಲಿ ಎಷ್ಟು ಇಳಿಯಿತು, ಯಾವ ಮಾತ್ರೆ ನಡೆಯುತ್ತಿದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂದು ನಾಲ್ಕು ಸಾಲು ಸೇರಿಸಲು ಐದು ನಿಮಿಷ ಸಾಕು.

ಚೀಟಿಯ ಇನ್ನೊಂದು ಗೋಜಲೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಸೇರಲು, ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಖಾಸಗಿ ಡಾಕ್ಟರ ಚೀಟಿ ಹಿಡಿದ ಮುದುಕ ಇನ್ನೊಂದು ಸರದಿಯಲ್ಲಿ ನಿಂತು ಇನ್ನೊಂದು ಚೀಟಿ ತರಬೇಕು. ಎಪ್ಪತ್ತು ದಾಟಿದವರಿಗಾದರೂ, ಕ್ಯಾನ್ಸರ್ ಶಂಕೆಯ ಮಟ್ಟಿಗಾದರೂ, ಈ ಎರಡನೇ ಸರದಿಯನ್ನು ಆರೋಗ್ಯ ಇಲಾಖೆ ತೆಗೆದುಹಾಕಬಹುದು.

ಚೀಟಿ ಬರೆದಲ್ಲಿಗೆ ಕೆಲಸ ಮುಗಿಯುವುದೂ ಇಲ್ಲ. ಎಷ್ಟೋ ಮನೆಗಳಲ್ಲಿ ಅದು ದೇವರ ಪಟದ ಹಿಂದೆ ಸೇರುತ್ತದೆ, ಮಗ ಯುಗಾದಿಗೆ ಬಂದಾಗ ನೋಡೋಣ ಎಂದು. ಕಳಿಸಿದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಹತ್ತು ದಿನ ಬಿಟ್ಟು ಡಾಕ್ಟರು ಒಂದು ಫೋನ್ ಮಾಡಬೇಕು: ‘ಅಜ್ಜಿ, ಹೋಗಿದ್ರಾ?’