ಆರು ರೂಪಾಯಿಯ ಮೊಟ್ಟೆ

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಶಾಲೆಯ ಅಡುಗೆಮನೆಯಲ್ಲಿ ಅವಸರ. ಬೇಯಿಸಿದ ಮೊಟ್ಟೆಗಳ ಮೇಲೆ ತಣ್ಣೀರು ಸುರಿದು ಬಿಸಿಯೂಟದ ಅಕ್ಕಂದಿರು ಸಿಪ್ಪೆ ಸುಲಿಯುತ್ತಾರೆ. ಸಿಪ್ಪೆಗೆ ಅಂಟಿಕೊಂಡು ಬಿಳಿಭಾಗ ಕಿತ್ತುಬಂದರೆ, ತಟ್ಟೆ ಹಿಡಿದ ಹುಡುಗನ ಮುಖ ಸಪ್ಪಗಾಗುತ್ತದೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಎದ್ದ ಗದ್ದಲ ಸಣ್ಣದಲ್ಲ. ಮಠಾಧೀಶರು ವಿರೋಧಿಸಿದರು; ಮಕ್ಕಳೋ, ಮೊಟ್ಟೆ ಬೇಕೇ ಬೇಕು ಎಂದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ, ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಈ ಅಂಕಿ ಎದುರಿಗಿರುವಾಗ ಮಕ್ಕಳ ಮಾತೇ ಸರಿ.

ತಿನ್ನದವರಿಗೆ ಬಾಳೆಹಣ್ಣು ಇದೆಯಲ್ಲ ಎನ್ನುತ್ತಾರೆ. ಬಲವಂತ ಯಾರಿಗೂ ಬೇಡ, ಒಪ್ಪೋಣ. ಆದರೆ ಎರಡೂ ಸಮ ಎನ್ನುವುದು ಸುಳ್ಳು ಲೆಕ್ಕ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಬಾಳೆಹಣ್ಣಿನಲ್ಲಿ ಹೆಚ್ಚೆಂದರೆ ಒಂದೂವರೆ ಗ್ರಾಂ. ಬಿ12 ಜೀವಸತ್ವವಂತೂ ಹಣ್ಣಿನಲ್ಲಿ ಇಲ್ಲವೇ ಇಲ್ಲ.

2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಒಳ್ಳೆಯದೇ. ತಕರಾರು ಇರುವುದು ದರದಲ್ಲಿ. ಮೊಟ್ಟೆಯೊಂದಕ್ಕೆ ನಿಗದಿಯಾದ 6 ರೂಪಾಯಿಯಲ್ಲೇ ಖರೀದಿ, ಬೇಯಿಸುವ ಗ್ಯಾಸು, ಸುಲಿಯುವ ಕೂಲಿ ಎಲ್ಲವೂ ಮುಗಿಯಬೇಕು. ಚಳಿಗಾಲದಲ್ಲಿ ಅಂಗಡಿಯ ಬೆಲೆಯೇ ಅದನ್ನು ದಾಟಿದರೆ ಮುಖ್ಯಶಿಕ್ಷಕರು ಜೇಬು ತಡಕಬೇಕು. ಮಾರುಕಟ್ಟೆ ದರಕ್ಕೆ ತಕ್ಕಂತೆ ತಿಂಗಳಿಗೊಮ್ಮೆ ಮೊತ್ತ ಪರಿಷ್ಕರಿಸಲು ಇಲಾಖೆಗೆ ಏನು ಅಡ್ಡಿ?